ಆಳಿನ ಲೆಕ್ಕಕ್ಕೂ ಒಂದು ಪಾಸ್‌ಬುಕ್ ಇರಲಿ



ಹೋದ ತಿಂಗಳು ಒಂದು ದಿನ ನಸುಕಿನ ಐದೂವರೆಗೆ ನನಗೆ ಫೋನ್ ಬಂತು. ಆಲಮೇಲ ರಸ್ತೆಯ ಒಂದು ಹಳ್ಳಿಯಿಂದ. "ಡಾಕ್ಟ್ರೇ, ಆಕಳ ಹಾಲ ಇಳಸವಲ್ದ್ರೀ. ಎಂಟ ಲೀಟರ್ ಕೊಡೂದು ಮೂರಕ್ಕ ಬಂದೈತಿ. ಕೆಚ್ಚಲ ಬಾವು ಇರಬೇಕು, ಲಗೂ ಬರ್ರಿ."

ಹೋದೆ. ಎಚ್.ಎಫ್. ಮಿಶ್ರತಳಿ ಆಕಳು, ಎರಡನೇ ಕರು ಹಾಕಿ ಎರಡು ತಿಂಗಳಾಗಿತ್ತು. ಜ್ವರ ಇಲ್ಲ. ಕೆಚ್ಚಲು ಮೆತ್ತಗಿದೆ, ಬಿಸಿ ಇಲ್ಲ. ನಾಲ್ಕೂ ಮೊಲೆಯ ಮೊದಲ ಹಾಲನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿದೆ, ಒಂದು ಗಡ್ಡೆಯೂ ಬರಲಿಲ್ಲ. ಮೇವು ತಿನ್ನುತ್ತಿದೆ, ಮೆಲುಕು ಹಾಕುತ್ತಿದೆ. ರೋಗ ಏನೂ ಇಲ್ಲ. ಕೊನೆಗೆ ಕೇಳಿದೆ: "ಯಾರು ಹಿಂಡತಾರ?" ಮನೆಯ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮ ಆಳು ಹಿಂಡತಿದ್ದ. ಬಿಟ್ಟು ಹೋಗಿ ಮೂರ ದಿನಾ ಆತು. ಈಗ ನಮ್ಮ ಹುಡುಗ ಹಿಂಡಾಕತ್ಯಾನ."

ಕಾರಣ ಅಲ್ಲೇ ಇತ್ತು. ಹಾಲು ಕೆಚ್ಚಲಲ್ಲಿ ಇದ್ದರೂ ತಾನಾಗಿ ಮೊಲೆಗೆ ಇಳಿಯುವುದಿಲ್ಲ. ಪರಿಚಯದ ಕೈ ಕೆಚ್ಚಲು ತೊಳೆದು ಸವರಿದಾಗ ದನದ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನ್ ರಕ್ತಕ್ಕೆ ಬರುತ್ತದೆ, ಅದು ಹಾಲನ್ನು ಕೆಳಗೆ ತಳ್ಳುತ್ತದೆ. ಅದರ ಜೋರು ಐದಾರು ನಿಮಿಷ ಮಾತ್ರ. ಹೊಸ ಕೈ, ಹೊಸ ಧ್ವನಿ, ಒಂದು ಬೈಗುಳ, ಒಂದು ಏಟು ಬಿದ್ದರೆ ದನ ಹೆದರುತ್ತದೆ, ಹೆದರಿಕೆಯ ಹಾರ್ಮೋನ್ ಆ ಕೆಲಸವನ್ನು ತಡೆಯುತ್ತದೆ. ಹಾಲು ಒಳಗೇ ಉಳಿಯುತ್ತದೆ. ಹಾಗೆ ಉಳಿದ ಹಾಲಿನಿಂದ ಮುಂದೆ ನಿಜವಾದ ಕೆಚ್ಚಲು ಬಾವೂ ಬರಬಹುದು.

ಔಷಧಿ ಕೊಡುವಂಥದ್ದು ಏನೂ ಇರಲಿಲ್ಲ. ಆಳು ಯಾಕೆ ಹೋದ ಎಂದು ಕೇಳಿದೆ.

"ಎರಡ ತಿಂಗಳ ಪಗಾರ ಹಿಡಿದಿದ್ವಿ. ಮುಂಗಡ ಹದಿನೆಂಟ ಸಾವಿರ ಬಾಕಿ ಐತ್ರೀ ಅವಂದು. ಅವಾ ಆರ ಸಾವಿರ ಅಂತಾನ." ಯಾರ ಮಾತು ಸರಿ ಎಂದು ತಿಳಿಯಲು ಕಾಗದ ಕೇಳಿದೆ. ಅಕ್ಕ ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿದರು. ಅಲ್ಲಲ್ಲಿ ಪೆನ್ಸಿಲಿನ ಗೀಟು, ಒಂದೆರಡು ಕಡೆ ಅಂಕಿ. ಅಷ್ಟೇ.

ಅದೇ ಗೋಡೆಯ ಮೊಳೆಗೆ ಸಂಘದ ಹಾಲಿನ ಪಾಸ್‌ಬುಕ್ ತೂಗುತ್ತಿತ್ತು. ತೆಗೆದು ನೋಡಿದೆ. ಮೂರು ವರ್ಷದ ಪ್ರತಿ ದಿನ, ಬೆಳಿಗ್ಗೆ ಸಂಜೆ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ದರ ಎಷ್ಟು, ಎಲ್ಲವೂ ಬರೆದಿತ್ತು. ಫ್ಯಾಟ್ 0.1 ಕಡಿಮೆ ಬಂದರೆ ಸಂಘಕ್ಕೆ ಹೋಗಿ ಜಗಳ ಮಾಡುವ ಹೆಣ್ಣುಮಗಳು ಆಕೆ. ತನ್ನ ಹಾಲಿನ ಲೆಕ್ಕ ಹನಿ ಹನಿಯಾಗಿ ಬರೆಸಿಕೊಂಡವರ ಮನೆಯಲ್ಲಿ ಅದೇ ಹಾಲು ಹಿಂಡುವವನ ದುಡಿಮೆಯ ಲೆಕ್ಕ ಗೋಡೆಯ ಮೇಲಿನ ಗೀಟು. ಈ ಲೇಖನ ಬರೆಯಲು ಅದೇ ಕಾರಣ. ನಾನು ವಕೀಲರಲ್ಲ. ಆದರೆ ಕೊಟ್ಟಿಗೆಗೆ ಹೋದಲ್ಲೆಲ್ಲ ಈ ಜಗಳ ನೋಡುತ್ತಿದ್ದೇನೆ, ಕೊನೆಗೆ ಪೆಟ್ಟು ಬೀಳುವುದು ದನಕ್ಕೆ ಮತ್ತು ನಿಮ್ಮ ಹಾಲಿನ ಬಿಲ್ಲಿಗೆ.

ಯುಗಾದಿಯಿಂದ ಯುಗಾದಿಗೆ

ನಮ್ಮ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಆಳಿನ ವರ್ಷ ಯುಗಾದಿ ಪಾಡ್ಯಕ್ಕೆ ಶುರುವಾಗಿ ಮುಂದಿನ ಪಾಡ್ಯಕ್ಕೆ ಮುಗಿಯುತ್ತದೆ. ಮಾತು ಬಾಯಲ್ಲೇ ಆಗುತ್ತದೆ. "ವರ್ಷಕ್ಕ ಒಂದ ಲಕ್ಷ, ಉಣ್ಣಾಕ ಜೋಳ, ಎರಡ ಜೋಡಿ ಅರಿವಿ" ಎಂದು ಹೇಳಿ ಅರ್ಧ ಹಣ ಮುಂಗಡ ಕೊಡುವುದು ರೂಢಿ. ಇತ್ತೀಚೆಗೆ ಆಳು ಸಿಗುವುದೇ ಕಷ್ಟ. ದಸರೆ ಮುಗಿಯುತ್ತಿದ್ದಂತೆ ಕಬ್ಬಿನ ಗ್ಯಾಂಗ್‌ಗಳು ಮಹಾರಾಷ್ಟ್ರಕ್ಕೆ ಹೋಗುತ್ತವೆ, ಉಳಿದವರು ಗೋವಾ, ಪುಣೆ, ಬೆಂಗಳೂರು ಎನ್ನುತ್ತಾರೆ. ಅದಕ್ಕೇ ಹಿಡಿದಿಟ್ಟುಕೊಳ್ಳಲು ಮುಂಗಡ ದೊಡ್ಡದಾಗುತ್ತಿದೆ.

ಒಂದು ಲಕ್ಷ ಕೇಳಿದರೆ ದೊಡ್ಡ ಮೊತ್ತ ಅನ್ನಿಸುತ್ತದೆ. ಭಾಗಿಸಿ ನೋಡಿ. 365 ದಿನಕ್ಕೆ ಭಾಗಿಸಿದರೆ ದಿನಕ್ಕೆ 274 ರೂಪಾಯಿ. ದನಕ್ಕೆ ಭಾನುವಾರ ಇಲ್ಲವಾದ್ದರಿಂದ 365 ದಿನವೂ ಕೆಲಸವೇ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಹೆಣ್ಣಿಗೂ ಗಂಡಿಗೂ ಒಂದೇ. ಇನ್ನು ಗಂಡ ಹೆಂಡತಿ ಜೋಡಿಯಾಗಿ ತೋಟದಲ್ಲೇ ಉಳಿದು ದುಡಿಯುತ್ತಿದ್ದರೆ, ಮಾತು ಆಗಿರುವುದು ಗಂಡನ ಹೆಸರಿಗೆ ಮಾತ್ರ. ಹೆಂಡಿ ಬಳಿಯುವವಳು, ಕಣಕಿ ಹೊರುವವಳು, ಕರು ನೋಡುವವಳು ಹೆಂಡತಿ. ಆಕೆಯನ್ನೂ ಲೆಕ್ಕಕ್ಕೆ ಹಿಡಿದರೆ ತಲೆಗೆ 137 ರೂಪಾಯಿ. ಈ ಲೆಕ್ಕ ನಿಮಗೆ ಹೊಸದಲ್ಲ. ನಿಮ್ಮದೇ ಮನೆಯಲ್ಲಿ ನಿಮ್ಮ ದುಡಿಮೆಯನ್ನೂ ಯಾರೂ ಬರೆದಿಡುವುದಿಲ್ಲ. ಹಾಲಿನ ಖರ್ಚು ಲೆಕ್ಕ ಹಾಕುವಾಗ ಹಿಂಡಿ, ಮೇವು, ಔಷಧಿ ಬರೆಯುತ್ತೇವೆ, "ಮನೀ ಹೆಂಗಸರ ಕೆಲಸ" ಎಂಬ ಸಾಲು ಬರೆಯುವುದಿಲ್ಲ. ಅದರ ನೋವು ಗೊತ್ತಿರುವ ನಿಮಗೆ ಆಳಿನ ಹೆಂಡತಿಯ ಲೆಕ್ಕ ಬೇಗ ಅರ್ಥವಾದೀತು ಎಂದು ನನ್ನ ನಂಬಿಕೆ.

ಕಾನೂನು ಇಲ್ಲಿ ಏನು ಹೇಳುತ್ತದೆ? 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಯಲ್ಲಿ ಕೃಷಿ ಎಂದರೆ ಹೈನುಗಾರಿಕೆಯೂ ಸೇರಿತ್ತು. "ನಮ್ಮದು ಫ್ಯಾಕ್ಟರಿ ಅಲ್ಲ, ನಾಲ್ಕು ದನದ ಮನಿ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಭವಿಷ್ಯ ನಿಧಿಗೆ 20 ಜನ, ಗ್ರಾಚ್ಯುಟಿಗೆ 10 ಜನ ಎಂದು ಮಿತಿ ಇದೆ, ಕನಿಷ್ಠ ಕೂಲಿಗೆ ಅಂಥ ಮಿತಿ ಇಲ್ಲ. ಒಬ್ಬ ಆಳಿದ್ದರೂ ಅನ್ವಯ. 2025ರ ನವೆಂಬರ್ 21ರಿಂದ ಹಳೆಯ ಹಲವು ಕಾಯ್ದೆಗಳ ಬದಲು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ 2019ರ ವೇತನ ಸಂಹಿತೆ ನಮಗೆ ಹತ್ತಿರದ್ದು. ದರ ಎಷ್ಟು ಎಂದು ಇಲ್ಲಿ ಬರೆದರೆ ತುಟ್ಟಿಭತ್ಯೆ ಸೇರಿ ಏಪ್ರಿಲ್ 1ಕ್ಕೆ ಬದಲಾಗಿಬಿಡುತ್ತದೆ, ಹಾಗಾಗಿ ಬರೆಯುತ್ತಿಲ್ಲ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಆ ವರ್ಷದ ಪಟ್ಟಿ ಕೇಳಿ ಒಂದು ಝೆರಾಕ್ಸ್ ತಂದುಕೊಳ್ಳಿ. ಯುಗಾದಿ ಮಾತು ಆಗುವ ಮೊದಲು ಆ ಹಾಳೆ ನಿಮ್ಮ ಕೈಯಲ್ಲಿರಬೇಕು.

ಮುಂಗಡ ಎಲ್ಲಿ ಜೀತ ಆಗುತ್ತದೆ

ಮುಂಗಡ ಕೊಡುವುದು ತಪ್ಪಲ್ಲ. ಆಳಿನ ಮನೆಯಲ್ಲೂ ಮದುವೆ, ಬಾಣಂತನ, ದವಾಖಾನೆ ಇರುತ್ತವೆ. ಕಷ್ಟಕ್ಕೆ ಕೊಟ್ಟ ಹಣವನ್ನು ಪಗಾರದಲ್ಲಿ ಸ್ವಲ್ಪ ಸ್ವಲ್ಪ ಕಡಿದುಕೊಳ್ಳಬಹುದು. ತಪ್ಪು ಆಗುವುದು ಬೇರೆ ಕಡೆ. "ಸಾಲ ತೀರೂ ತನಕ ಎಲ್ಲಿಗೂ ಹೋಗೂ ಹಂಗಿಲ್ಲ", "ನೀ ಹೋದರ ನಿನ್ನ ಮಗನ್ನ ಕಳಸು", "ಬ್ಯಾರೇ ಕಡೆ ಕೆಲಸಕ್ಕ ಹೋದರ ನೋಡು" ಎಂಬ ಮಾತು ಬಂದ ದಿನ ಅದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯೊಳಗೆ ಹೋಗುತ್ತದೆ. ಸಾಲದ ಬದಲಿಗೆ ಪಗಾರ ಇಲ್ಲದೆ ಅಥವಾ ಹೆಸರಿಗಷ್ಟೇ ಪಗಾರಕ್ಕೆ ದುಡಿಸುವುದು, ಬೇರೆ ಕಡೆ ಹೋಗುವ ಸ್ವಾತಂತ್ರ್ಯ ಕಿತ್ತುಕೊಳ್ಳುವುದು ಜೀತವೇ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿ ವರೆಗೆ ದಂಡ. ಇನ್ನೊಂದು ಮುಖ್ಯ ಮಾತು: ಜೀತ ಎಂದು ಸಾಬೀತಾದರೆ ಆ ಸಾಲವೇ ರದ್ದು. ಕೋರ್ಟಿಗೆ ಹೋಗಿ ವಸೂಲಿ ಮಾಡಲೂ ಬರುವುದಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

"ಇದೆಲ್ಲ ಹಳೇ ಕಾಲದ ಮಾತು" ಎನ್ನುವವರಿಗೆ 2025ರ ಜನವರಿ ನೆನಪಿಸುತ್ತೇನೆ. ವಿಜಯಪುರ ನಗರದ ಒಂದು ಇಟ್ಟಿಗೆ ಭಟ್ಟಿಯಲ್ಲಿ ಮುಂಗಡ ಪಡೆದ ಕಾರ್ಮಿಕರನ್ನು ಥಳಿಸಿದ ವಿಡಿಯೊ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು, ಪೊಲೀಸ್ ಕೇಸ್ ಆಯಿತು. ಭಟ್ಟಿಗೂ ನಮ್ಮ ಕೊಟ್ಟಿಗೆಗೂ ಬಹಳ ದೂರ ಎಂದು ನಮಗೆ ಅನ್ನಿಸುತ್ತದೆ. ಆದರೆ ಮುಂಗಡ ಕೊಟ್ಟವರ ಸಿಟ್ಟು, ಬಿಟ್ಟು ಹೋದವನ ಹೆದರಿಕೆ ಎರಡೂ ಕಡೆ ಒಂದೇ ರೀತಿ ಶುರುವಾಗುತ್ತವೆ.

ಕಡಿತಕ್ಕೂ ಮಿತಿ ಇದೆ. ಯಾವ ಕಾರಣಕ್ಕೆ ಕಡಿದರೂ ಒಟ್ಟು ಕಡಿತ ಆ ತಿಂಗಳ ಪಗಾರದ ಅರ್ಧಕ್ಕಿಂತ ಹೆಚ್ಚಾಗಬಾರದು. ಅಂದರೆ ಎರಡು ತಿಂಗಳ ಪಗಾರ ಪೂರ್ತಿ ಹಿಡಿದಿಡಲು ಬರುವುದೇ ಇಲ್ಲ. ಕ್ಯಾನ್ ಉರುಳಿ ಹಾಲು ಚೆಲ್ಲಿತು, ಆಕಳು ಹಗ್ಗ ಹರಿದುಕೊಂಡು ಹೋಯಿತು ಎಂದು ಕಡಿಯುವಂತೆಯೂ ಇಲ್ಲ. ಅದು ಅವನ ಅಲಕ್ಷ್ಯದಿಂದಲೇ ಆಯಿತೇ ಎಂದು ಅವನ ಮಾತು ಕೇಳಬೇಕು, ಆಮೇಲೆ ಆದ ನಷ್ಟದಷ್ಟು ಮಾತ್ರ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈ ಸೇರಬೇಕು. ಕೆಲಸ ಬಿಟ್ಟರೆ ಅಥವಾ ನೀವೇ ಬಿಡಿಸಿದರೆ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಮಾಡಬೇಕು. ಜೋಳ, ಬಟ್ಟೆ ಕೊಡುತ್ತೀರಿ ಎಂದರೆ ಅದು ಎಷ್ಟು, ಯಾವಾಗ ಎಂದು ಮೊದಲೇ ಬರೆಯಿರಿ. ಹಬ್ಬಕ್ಕೆ ಪ್ರೀತಿಯಿಂದ ಕೊಟ್ಟ ಸೀರೆಯನ್ನು ವರ್ಷದ ಕೊನೆಗೆ ಪಗಾರದಲ್ಲಿ ಕಡಿಯುವುದು ನಮ್ಮ ಕಡೆ ಇನ್ನೂ ಇದೆ.

ಮತ್ತೆ ಆಲಮೇಲ ರಸ್ತೆಯ ಆ ಮನೆಗೆ ಬರೋಣ. ನಾನು ಸಂಜೆ ಮತ್ತೆ ಹೋದಾಗ ಊರಿನ ಇಬ್ಬರು ಹಿರಿಯರ ಎದುರಿಗೆ ಆ ಹುಡುಗನನ್ನು ಕರೆಸಿದ್ದರು. ಹದಿನೆಂಟಕ್ಕೂ ಆರಕ್ಕೂ ಹನ್ನೆರಡು ಸಾವಿರದ ಅಂತರ. ಕೂತು ಬಿಡಿಸಿದಾಗ ಕಂಡಿದ್ದು ಇಷ್ಟು: ಅವನ ಹೆಂಡತಿಯ ಬಾಣಂತನಕ್ಕೆ ಅಕ್ಕ ಕೊಟ್ಟ ಏಳು ಸಾವಿರ ಅಕ್ಕನ ಲೆಕ್ಕದಲ್ಲಿ ಸಾಲ, ಅವನ ಲೆಕ್ಕದಲ್ಲಿ ತಾಯಿ ಕೊಟ್ಟ ಹಾಗೆ ಕೊಟ್ಟಿದ್ದು. ಉಳಿದ ಐದು ಸಾವಿರ ಜಾತ್ರೆಗೂ ಜ್ವರಕ್ಕೂ ಅವನು ಬಾರದ ದಿನಗಳ ಕಡಿತ. ಅದನ್ನು ಅವನಿಗೆ ಯಾರೂ ಹೇಳಿರಲೇ ಇಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಕೊಟ್ಟ ದಿನವೇ ಒಂದು ಸಾಲು ಬರೆದು ಇಬ್ಬರೂ ಸಹಿ ಹಾಕಿದ್ದರೆ ಆ ಜಗಳ ಹುಟ್ಟುತ್ತಿರಲಿಲ್ಲ, ಆಕಳಿನ ಹಾಲೂ ಇಳಿಯುತ್ತಿತ್ತು.

ಬರೆಯುವುದು ಹೇಗೆ ಎಂದು ಕೇಳುವಿರಿ. ಇಪ್ಪತ್ತು ಮೂವತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಹೆಸರು, ವಯಸ್ಸು, ಕೆಲಸ ಶುರುವಾದ ದಿನ, ಏನೇನು ಕೆಲಸ, ಪಗಾರ ಎಷ್ಟು, ವಾರದ ರಜೆ ಯಾವ ದಿನ, ಆ ದಿನ ದನ ಯಾರು ನೋಡುತ್ತಾರೆ. ಗಂಡ ಹೆಂಡತಿ ಇಬ್ಬರೂ ದುಡಿದರೆ ಇಬ್ಬರಿಗೂ ಬೇರೆ ಬೇರೆ ಪುಟ, ಬೇರೆ ಬೇರೆ ಪಗಾರ. ಆಮೇಲೆ ತಿಂಗಳಿಗೊಂದು ಪುಟ: ಬಂದ ದಿನ, ಬಾರದ ದಿನ, ಕೊಟ್ಟ ಹಣ, ಕಡಿದ ಹಣ, ಉಳಿದ ಮುಂಗಡ, ಇಬ್ಬರ ಸಹಿ ಅಥವಾ ಹೆಬ್ಬೆಟ್ಟು. ಉದಾಹರಣೆಗೆ ಪಗಾರ 12,000, ಮುಂಗಡ 30,000 ಇದ್ದು ತಿಂಗಳಿಗೆ 2,000 ಕಡಿದರೆ 15 ತಿಂಗಳಿಗೆ ತೀರುತ್ತದೆ. ಅದನ್ನು ಮೊದಲ ದಿನವೇ ಬರೆದರೆ ಅವನಿಗೂ ದಾರಿ ಕಾಣುತ್ತದೆ. ಅದೇ ಪುಟದ ಫೋಟೊ ಅವನ ಮೊಬೈಲಿಗೆ ಕಳಿಸಿ. ಸಾಧ್ಯವಾದರೆ ಪಗಾರ ಬ್ಯಾಂಕ್ ಖಾತೆಗೇ ಹಾಕಿ. ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ನೇರ ನಿಮ್ಮ ಖಾತೆಗೆ ಬಂದಾಗ ಮನೆಯಲ್ಲಿ ಮಾತಿನ ತೂಕ ಹೇಗೆ ಬದಲಾಯಿತು ಎಂದು ನೀವೇ ನನಗೆ ಹೇಳಿದ್ದೀರಿ.

ಹೆದರಿಕೆ ಇರುವವರಿಗೆ ಒಂದು ಮಾತು. ಬರೆದಿಟ್ಟರೆ ನಾವೇ ಸಿಕ್ಕಿಬೀಳುತ್ತೇವೆ ಎಂದು ಕೆಲವರು ಅನ್ನುತ್ತಾರೆ. ನಾನು ಕಂಡಿದ್ದು ಬೇರೆ. ಸರಿಯಾಗಿ ಕೊಟ್ಟವರ ಬಳಿಯೂ ಕಾಗದ ಇಲ್ಲದಿದ್ದರೆ ಅವರು ಕೊಟ್ಟದ್ದನ್ನು ಸಾಬೀತು ಮಾಡಲಾಗುವುದಿಲ್ಲ.

ಕೊಟ್ಟಿಗೆಯ ಅಪಾಯ

ಇದು ನನ್ನದೇ ವಿಷಯ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ದನ ತಿಂಗಳು ತುಂಬದೆ ಕರು ಹಾಕಿದರೆ, ಕಸ ಬೀಳದೆ ಉಳಿದರೆ, ನಮ್ಮ ಕಡೆ ಮೊದಲು ಕೈ ಹಾಕುವವನು ಆಳು. ಬರಿಗೈಯಲ್ಲಿ. ಅಂಥ ದನಕ್ಕೆ ಬ್ರುಸೆಲ್ಲೋಸಿಸ್ ಇದ್ದರೆ ಕಸದಲ್ಲಿ, ದ್ರವದಲ್ಲಿ ರೋಗಾಣು ತುಂಬಿರುತ್ತವೆ. ಕೈಯ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತವೆ. ಬಿಟ್ಟು ಬಿಟ್ಟು ಬರುವ ಜ್ವರ, ಸೊಂಟ ಕೀಲು ನೋವು, ಗಂಡಸರಿಗೆ ವೃಷಣದ ಬಾವು, ಗರ್ಭಿಣಿಗೆ ಗರ್ಭಪಾತ ಆಗಬಹುದು. ಎಷ್ಟೋ ಜನ ಮಲೇರಿಯಾ, ಟೈಫಾಯ್ಡ್ ಎಂದು ತಿಂಗಳುಗಟ್ಟಲೆ ಅಲೆದಿರುತ್ತಾರೆ. ಡಾಕ್ಟರಿಗೆ "ನಾನು ದನದ ಕೆಲಸ ಮಾಡತೇನಿ" ಎಂದು ಹೇಳಬೇಕು, ಆಗ ಅವರಿಗೆ ಹೊಳೆಯುತ್ತದೆ. ರಬ್ಬರ್ ಕೈಗವಸು, ಒಂದು ಪೊಟ್ಟಣ ಸುಣ್ಣ, ಕಸ ಹುಗಿಯಲು ಆಳದ ಗುಂಡಿ, ಇಷ್ಟಿದ್ದರೆ ಸಾಕು. ಗರ್ಭಿಣಿಯನ್ನು ಆ ಕೆಲಸಕ್ಕೆ ಹಚ್ಚಬೇಡಿ, ಆಳಿನ ಹೆಂಡತಿ ಇರಲಿ, ನಿಮ್ಮ ಸೊಸೆ ಇರಲಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುವಿಗೆ ಒಮ್ಮೆ ಹಾಕುವ ಬ್ರುಸೆಲ್ಲಾ ಲಸಿಕೆ ಸರ್ಕಾರದಿಂದ ಉಚಿತ. ಕರುವಿಗೆ ಆ ವಯಸ್ಸು ದಾಟುವ ಮೊದಲು ಕರೆಯಿರಿ.

ಜೊಲ್ಲು ಸುರಿಸುತ್ತ, ನುಂಗಲಾರದೆ, ವಿಚಿತ್ರವಾಗಿ ಕೂಗುವ ದನದ ಬಾಯಿಗೆ ಕೈ ಹಾಕಿ "ಏನೋ ಸಿಕ್ಕೊಂಡೈತಿ" ಎಂದು ನೋಡುವುದು ಇನ್ನೂ ಅಪಾಯ. ಅದು ಹುಚ್ಚುನಾಯಿ ರೋಗ ಇರಬಹುದು. ಆಳಿಗೆ ಹೇಳಬೇಡಿ, ನೀವೂ ಮಾಡಬೇಡಿ, ನನಗೆ ಫೋನ್ ಮಾಡಿ.

ಮೇವು ಕತ್ತರಿಸುವ ಯಂತ್ರದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಕಣಕಿ ತುಂಬುವ ಬಾಯಿ ಉದ್ದವಾಗಿ ಮುಚ್ಚಿರಬೇಕು, ಬೆಲ್ಟಿಗೆ ಜಾಳಿಗೆ ಇರಬೇಕು, ಸ್ವಿಚ್ ಕೈಗೆ ಸಿಗುವ ಹತ್ತಿರ ಇರಬೇಕು. ಸೆರಗು ಸಿಕ್ಕಿಸಿಕೊಳ್ಳದೆ, ಟವೆಲ್ ಕೊರಳಿಗೆ ಇಳಿಬಿಟ್ಟುಕೊಂಡು ನಿಲ್ಲಬಾರದು. ಕರೆಂಟ್ ರಾತ್ರಿ ಬಂತು ಎಂದು ನಿದ್ದೆಗಣ್ಣಲ್ಲಿ ಓಡಿಸುವುದು ಬೇಡ. ಮೋಟಾರ್ ಯಂತ್ರದ ಮೇಲೆ ದುಡಿಯುವಾಗ ಆಳಿನ ಕೈ ಹೋದರೆ ಪರಿಹಾರದ ಹೊಣೆ ದುಡಿಸಿದವರ ಮೇಲೆ ಬರುತ್ತದೆ. ಆ ಹೊಣೆ ತಪ್ಪಿಸಲು ಅಲ್ಲ, ಅವನ ಮನೆಗೆ ಆಸರೆಯಾಗಲಿ ಎಂದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೂನ್ 1ಕ್ಕೆ ವರ್ಷ ಶುರು, ಖಾತೆಯಲ್ಲಿ ಹಣ ಇರದಿದ್ದರೆ ತಾನಾಗಿ ನಿಂತುಹೋಗುತ್ತದೆ. ಇ-ಶ್ರಮ್ ಕಾರ್ಡ್ ಕೂಡ ಮಾಡಿಸಿಕೊಡಿ. ಎಲ್ಲ ಸೇರಿ ನಿಮಗೆ ಅರ್ಧ ದಿನದ ಕೆಲಸ.

ದನ ಕಾಯುವ ಹುಡುಗರ ಮಾತೂ ಇಲ್ಲೇ ಬರಲಿ. 14 ವರ್ಷದೊಳಗಿನ ಮಗುವನ್ನು ಕೂಲಿಗೆ ಇಡುವುದು 2016ರ ತಿದ್ದುಪಡಿಯ ಮೇಲೆ ಯಾವ ಕೆಲಸಕ್ಕೂ ಇಲ್ಲ. ಆರು ತಿಂಗಳಿಂದ ಎರಡು ವರ್ಷ ಜೈಲು ಅಥವಾ 20 ಸಾವಿರದಿಂದ 50 ಸಾವಿರ ದಂಡ, ಇಲ್ಲವೇ ಎರಡೂ. ಸ್ವಂತ ಮಗು ಶಾಲೆ ಮುಗಿಸಿ ಬಂದು ಕರುವಿಗೆ ಹುಲ್ಲು ಹಾಕಿದರೆ ಅದು ಬೇರೆ. ಆಳಿನ ಮಗ ಅಪ್ಪನ ಮುಂಗಡಕ್ಕೆ ನಿಮ್ಮ ಎಮ್ಮೆ ಕಾಯುವುದು ಬೇರೆ. ಮೊನ್ನೆ ಒಂದು ಹಳ್ಳಿಯಲ್ಲಿ ಲಸಿಕೆ ಹಾಕುವಾಗ ಎಮ್ಮೆ ಹಿಡಿದುಕೊಂಡಿದ್ದ ಹುಡುಗನನ್ನು "ಎಷ್ಟನೇತ್ತಾ?" ಎಂದು ಕೇಳಿದೆ. "ಐದನೇತ್ತಾ ಬಿಟ್ಟೀನ್ರಿ" ಎಂದ. ಮನೆಯ ಅಕ್ಕ ತಲೆ ತಗ್ಗಿಸಿದರು. ಈಗ ಅವನು ಮತ್ತೆ ಶಾಲೆಗೆ ಹೋಗುತ್ತಿದ್ದಾನೆ ಎಂದು ಕೇಳಿದ್ದೇನೆ, ಕಣ್ಣಾರೆ ನೋಡಿಲ್ಲ.

ಆಳನ್ನು ಚೆನ್ನಾಗಿ ನೋಡಿಕೊಂಡರೆ ನಿಮಗೇನು ಲಾಭ ಎಂದೂ ಕೇಳಿ, ತಪ್ಪಿಲ್ಲ. ಆಕಳು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ರಾತ್ರಿ ಹನ್ನೆರಡಕ್ಕೆ ಕೂಗುವುದು, ಲೋಳೆ ಹಾಕುವುದು, ಇನ್ನೊಂದರ ಮೇಲೆ ಹಾರುವುದು ಕಣ್ಣಿಗೆ ಬೀಳುವುದು ಕೊಟ್ಟಿಗೆಯಲ್ಲಿ ಮಲಗುವವನಿಗೆ. ಅವನು ಬೆಳಿಗ್ಗೆ ಹೇಳಿದರೆ ಸಂಜೆಗೆ ಕೃತಕ ಗರ್ಭಧಾರಣೆ, ಸಂಜೆ ಹೇಳಿದರೆ ಮರುದಿನ ಬೆಳಿಗ್ಗೆ. ಹೇಳದಿದ್ದರೆ 21 ದಿನ ಹೋಯಿತು. ಬತ್ತಿದ ದನದ ಮೇವು ಹಿಂಡಿಗೆ ದಿನಕ್ಕೆ 150 ರೂಪಾಯಿ ಹಿಡಿದರೂ 3,150 ರೂಪಾಯಿ. ಪಗಾರ ಸಿಗದವನು ನಿದ್ದೆಗೆಟ್ಟು ಬೆದೆ ನೋಡುತ್ತಾನೆಯೇ?

ಸಂಘದಲ್ಲೂ ನೀವೇ ಮಾಲೀಕರು

ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷೆ, ನಿರ್ದೇಶಕಿಯರು ನೀವಾಗಿದ್ದರೆ ಕಾರ್ಯದರ್ಶಿ, ಹಾಲು ಪರೀಕ್ಷಕಿ, ಸಹಾಯಕಿ ಇವರಿಗೆ ನೇಮಕಾತಿ ಕೊಟ್ಟವರು ನೀವು. ಎಷ್ಟೋ ಕಡೆ ಸಹಿ ಅಧ್ಯಕ್ಷೆಯದು, ಮಾತು ಯಜಮಾನರದು. ಆದರೆ ನಾಳೆ ನೋಟಿಸ್ ಬಂದರೆ ಅದು ಸಹಿಯ ಹೆಸರಿಗೇ ಬರುತ್ತದೆ, ಯಜಮಾನರ ಹೆಸರಿಗಲ್ಲ.

ನಾನು ಕಂಡ ಒಂದು ಸಂಘದಲ್ಲಿ ಪರೀಕ್ಷಕಿ ನಾಲ್ಕು ವರ್ಷ ದುಡಿದಿದ್ದರು. ನೇಮಕಾತಿ ಪತ್ರ ಇಲ್ಲ, ಠರಾವು ಪುಸ್ತಕದಲ್ಲಿ ಒಂದೇ ಸಾಲು. ಬೇಸಿಗೆಯಲ್ಲಿ ಹಾಲು ಇಳಿಯಿತು, "ಸಂಘಕ್ಕ ಆದಾಯ ಇಲ್ಲ" ಎಂದು ಮೂರು ತಿಂಗಳ ಪಗಾರ ನಿಂತಿತು. ಆಕೆ ಬಿಟ್ಟು ಹೋದರು. ಹತ್ತು ದಿನ ಯಾರಿಗೂ ಪರೀಕ್ಷೆ ಸರಿಯಾಗಿ ಬರಲಿಲ್ಲ. ಒಳ್ಳೆ ಫ್ಯಾಟ್ ಕೊಡುವ ಎಮ್ಮೆಯವರಿಗೂ ನೀರು ಹಾಲಿನವರಿಗೂ ಒಂದೇ ದರ. ಸಿಟ್ಟಾದ ಐದಾರು ಮನೆಯವರು ಖಾಸಗಿಯವರಿಗೆ ಹಾಲು ಹಾಕತೊಡಗಿದರು. ಪಗಾರ ಉಳಿಸಲು ಹೋಗಿ ಹಾಲೇ ಹೋಯಿತು.

ಪಗಾರ ಹಾಲಿನ ಪ್ರಮಾಣಕ್ಕೆ ಕಟ್ಟಿದ್ದಲ್ಲ. ಇದಕ್ಕೆ ದಾರಿ ಲೆಕ್ಕದಲ್ಲೇ ಇದೆ. ನಿಮ್ಮ ಸಂಘಕ್ಕೆ ಲೀಟರಿಗೆ ಒಂದು ರೂಪಾಯಿ ಉಳಿಯುತ್ತದೆ ಎಂದು ಹಿಡಿಯಿರಿ. ದಿನಕ್ಕೆ 300 ಲೀಟರ್ ಇದ್ದರೆ ತಿಂಗಳಿಗೆ 9,000. ಏಪ್ರಿಲ್ ಮೇ ಬಿಸಿಲಿಗೆ 180 ಲೀಟರಿಗೆ ಇಳಿದರೆ 5,400. ಈ ಇಳಿತ ಪ್ರತಿ ವರ್ಷ ಬರುತ್ತದೆ, ಯಾರಿಗೂ ಹೊಸದಲ್ಲ. ಹಾಲು ಹೆಚ್ಚಿರುವ ತಿಂಗಳುಗಳಲ್ಲಿ ಪಗಾರಕ್ಕೆಂದೇ ಒಂದು ಭಾಗ ಬೇರೆ ತೆಗೆದಿಡುವ ಠರಾವು ಮಾಡಿ. ಪರೀಕ್ಷಕಿ ಎರಡೇ ಗಂಟೆ ಬರುತ್ತಾರೆ ಎನ್ನುವವರು ಬೆಳಿಗ್ಗೆ ಸಂಜೆ ಎರಡೂ ಹೊತ್ತು, ಕ್ಯಾನ್ ತೊಳೆಯುವುದು, ಲೆಕ್ಕ ಬರೆಯುವುದು ಸೇರಿಸಿ ಗಂಟೆ ಎಣಿಸಿ, ಆಮೇಲೆ ಕನಿಷ್ಠ ಕೂಲಿಯ ಹಾಳೆ ತೆಗೆದು ನೋಡಿ. ಗಂಡು ಪರೀಕ್ಷಕನಿಗೆ ಒಂದು, ಹೆಣ್ಣಿಗೆ ಒಂದು ಎಂಬ ದರ ಕಾನೂನಿನಲ್ಲಿ ಇಲ್ಲ. ಮಹಿಳಾ ಸಂಘದಲ್ಲಂತೂ ಅದು ಇರಲೇಬಾರದು.

ನೇಮಕಕ್ಕೆ ಸಭೆಯ ಠರಾವು, ಒಂದು ಪುಟದ ನೇಮಕಾತಿ ಪತ್ರ, ಹಾಜರಿ ಪುಸ್ತಕ, ಖಾತೆಗೆ ಪಗಾರ, ತಿಂಗಳಿಗೊಂದು ರಸೀದಿ. ಆಡಿಟ್ ಬಂದಾಗಲೂ ಇದೇ ಕೇಳುತ್ತಾರೆ. ಮೂರು ನಾಲ್ಕು ಜನರ ಸಂಘಕ್ಕೆ ಭವಿಷ್ಯ ನಿಧಿ ಕಡ್ಡಾಯ ಬರುವುದಿಲ್ಲ, ಆದರೆ 18ರಿಂದ 40 ವಯಸ್ಸಿನ ಸಿಬ್ಬಂದಿ ಪ್ರಧಾನಮಂತ್ರಿ ಶ್ರಮಯೋಗಿ ಮಾನಧನಕ್ಕೆ ಸೇರಬಹುದು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60ರ ನಂತರ ತಿಂಗಳಿಗೆ 3,000 ಪಿಂಚಣಿ. ಸಂಘ ಅದರ ಕಂತು ಕಟ್ಟಿಕೊಟ್ಟರೆ ಒಳ್ಳೆಯ ಕಾರ್ಯದರ್ಶಿ ಬೇರೆ ಕಡೆ ನೋಡುವುದಿಲ್ಲ.

ಜಗಳವಾದರೆ ಯಾವ ಬಾಗಿಲು ಬಡಿಯಬೇಕು ಎಂಬುದೂ ಗೊತ್ತಿರಲಿ. ಸಹಕಾರ ಸಂಘ ಮತ್ತು ಅದರ ನೌಕರರ ನಡುವಿನ ತಕರಾರು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನ ಕೆಳಗೆ ಸಹಕಾರ ಸಂಘಗಳ ನಿಬಂಧಕರ ಮುಂದೆ ಹೋಗುತ್ತದೆ. ಇದು ತೀರ್ಮಾನವಾದದ್ದು ನಮ್ಮದೇ ಜಿಲ್ಲೆಯ ಪ್ರಕರಣದಲ್ಲಿ. ಆಗಿನ ಬಿಜಾಪುರ ಸಹಕಾರಿ ಹಾಲು ಒಕ್ಕೂಟದ ಒಬ್ಬ ನೌಕರರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2007ರಲ್ಲಿ ತೀರ್ಪು ಬಂತು. 2000ದ ಜೂನ್ 20ರ ತಿದ್ದುಪಡಿಯ ನಂತರ ಇಂಥ ತಕರಾರು ಕಾರ್ಮಿಕ ನ್ಯಾಯಾಲಯಕ್ಕಲ್ಲ, 70ನೇ ಕಲಮಿನ ದಾರಿಗೇ ಹೋಗಬೇಕು ಎಂದು ಅಲ್ಲಿ ಹೇಳಲಾಯಿತು. ಯಾವ ಬಾಗಿಲು ಎಂಬ ಪ್ರಶ್ನೆಗೇ ಒಬ್ಬ ಮನುಷ್ಯ ದೆಹಲಿಗೆ ಹೋಗಬೇಕಾಯಿತು. ನಿಮ್ಮ ಸಂಘದ ಪರೀಕ್ಷಕಿಗೆ ಬಸ್ ಖರ್ಚು ಕೂಡ ಇರುವುದಿಲ್ಲ. ಆದ್ದರಿಂದ ಮೊದಲು ಆಡಳಿತ ಮಂಡಳಿಯ ಸಭೆಯಲ್ಲೇ ಆಕೆಯನ್ನು ಕೂರಿಸಿ ಕೇಳಿ, ಆಕೆ ಹೇಳಿದ್ದನ್ನು ಠರಾವಿನಲ್ಲಿ ಬರೆಯಿರಿ.

ಆಲಮೇಲ ರಸ್ತೆಯ ಮನೆಯ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. ಹಿರಿಯರ ಎದುರು ಲೆಕ್ಕ ಒಂಬತ್ತು ಸಾವಿರಕ್ಕೆ ಬಂದು ನಿಂತಿತು. ಹಿಡಿದಿದ್ದ ಪಗಾರದಲ್ಲಿ ಅದನ್ನು ಕಳೆದು ಉಳಿದದ್ದನ್ನು ಅಂದೇ ಕೊಟ್ಟರು. ಆದರೂ ಆ ಹುಡುಗ ಮರಳಿ ಬರಲಿಲ್ಲ, ಕಬ್ಬಿನ ಗ್ಯಾಂಗಿಗೆ ಹೋದ. ಅಕ್ಕ ಈಗ ತಾವೇ ಹಿಂಡುತ್ತಿದ್ದಾರೆ, ಆಕಳು ಏಳು ಲೀಟರಿಗೆ ಬಂದಿದೆ. ಯುಗಾದಿಗೆ ಬೇರೆ ಒಂದು ಜೋಡಿಯನ್ನು ಮಾತಾಡಿಸಿದ್ದಾರೆ. ಮೊನ್ನೆ ಜಂತುಹುಳು ಔಷಧಿ ಕೊಡಲು ಹೋದಾಗ ಸಂಘದ ಪಾಸ್‌ಬುಕ್ಕಿನ ಪಕ್ಕದ ಮೊಳೆಗೆ ನೀಲಿ ರಟ್ಟಿನ ಹೊಸ ನೋಟ್‌ಬುಕ್ ತೂಗುತ್ತಿತ್ತು. ಒಳಗೆ ಎರಡು ಹೆಸರು, ಎರಡು ಪುಟ. "ಹೆಂಗಸಿನ ಪಗಾರದ ಜಾಗಾ ಖಾಲಿ ಬಿಟ್ಟೀನ್ರೀ, ನಮ್ಮ ಮನಿಯವರು ಇನ್ನಾ ಒಪ್ಪಿಲ್ಲ" ಎಂದರು. ಬರುವ ತಿಂಗಳು ಆ ಊರಿನಲ್ಲಿ ಬಂಜೆತನ ಚಿಕಿತ್ಸಾ ಶಿಬಿರ ಇದೆ. ಕನಿಷ್ಠ ಕೂಲಿಯ ಹಾಳೆ ತರಲು ನನಗೆ ಹೇಳಿದ್ದಾರೆ, ತರುತ್ತೇನೆ.